‘ಆಗ ಎಷ್ಟು ಚೆನ್ನಾಗಿ ಆಡ್ತಿದ್ಲು!’

2021ರ ಆಗಸ್ಟ್ 7, ಶನಿವಾರ. ಬೆಳಗಿನ ತಿಂಡಿಯ ಹೊತ್ತು. ಕಾವಲಿಯ ಮೇಲಿನ ದೋಸೆ ಸೀದು ಕರಕಲಾದರೂ ನಮ್ಮ ಮನೆಯಲ್ಲಿ ಯಾರೂ ಗಮನಿಸಲಿಲ್ಲ. ಎಲ್ಲರ ಕಣ್ಣೂ ಟೀವಿಯ ಮೇಲೆ. ಟೋಕಿಯೋ ಒಲಿಂಪಿಕ್ಸಿನಲ್ಲಿ ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಗಾಲ್ಫ್ ಆಡುತ್ತಿದ್ದಳು. ಅದುವರೆಗೆ ಗಾಲ್ಫ್ ಎಂದರೆ ಸಾಹೇಬರ ಆಟ, ಸಿನಿಮಾದಲ್ಲಿ ನಾಯಕಿಯ ಶ್ರೀಮಂತ ತಂದೆ ಆಡುವ ಆಟ ಎಂದಷ್ಟೇ ತಿಳಿದಿದ್ದ ನಾವೆಲ್ಲ ಅಂದು ಉಸಿರು ಬಿಗಿಹಿಡಿದು ಕೂತಿದ್ದೆವು. ಕಡೆಗೆ ಅದಿತಿ ನಾಲ್ಕನೆಯವಳಾದಳು. ಒಂದೇ ಒಂದು ಹೊಡೆತದಲ್ಲಿ ಪದಕ ಕೈತಪ್ಪಿತು.

ಪದಕಕ್ಕಿಂತ ಹೆಚ್ಚಾಗಿ ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೊಂದು ದೃಶ್ಯ. ಆಟದ ಕೋಲುಗಳನ್ನು ತುಂಬಿದ ಚೀಲ ಹೊತ್ತು ಅದಿತಿಯ ಜೊತೆ ನಡೆಯುತ್ತಿದ್ದವರು ಆಕೆಯ ತಾಯಿ! ಮಗಳ ಹಿಂದೆ ಹಾಗೆ ನಡೆಯುವ ತಾಯಿಯ ಮನಸ್ಸಿನಲ್ಲಿ ಏನೇನು ಇರಬಹುದು ಎಂದು ಅಂದು ಯೋಚಿಸಿದೆ. ಆಮೇಲೆ ಗಾಲ್ಫಿನ ಬಗ್ಗೆ ಎಲ್ಲಿ ಏನು ಸಿಕ್ಕಿದರೂ ಓದತೊಡಗಿದೆ. ಹಾಗೆ ಓದುವಾಗ ಸಿಕ್ಕಿದ ಇನ್ನೊಬ್ಬ ತಾಯಿ-ಮಗಳ ಕಥೆ ಇದು. ಮಗಳ ಹೆಸರು ಮಿಶೆಲ್ ವೀ. ಒಂದು ಕಾಲದಲ್ಲಿ ಇಡೀ ಜಗತ್ತು ‘ಬಾಲ ಪ್ರತಿಭೆ’ ಎಂದು ತಲೆಯ ಮೇಲೆ ಹೊತ್ತು ಕುಣಿದಿತ್ತು. ಆಮೇಲೆ ಅದೇ ಜಗತ್ತು ‘ಏನೂ ಆಗಲಿಲ್ಲವಲ್ಲ’ ಎಂದು ಮೂಗು ಮುರಿಯಿತು.

ಆಟ ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ವಿಶಾಲವಾದ ಹುಲ್ಲುಬಯಲು, ಅಲ್ಲಲ್ಲಿ ಮರ, ನೀರು, ಮರಳಿನ ಹೊಂಡ. ಅದರಲ್ಲಿ ಹದಿನೆಂಟು ಕಡೆ ಗುಳಿಗಳು. ಗುಳಿಯ ಬಾಯಿ ನಾಲ್ಕೂಕಾಲು ಇಂಚು, ಒಂದು ಸಣ್ಣ ಬಟ್ಟಲಿನಷ್ಟು. ದೂರದಿಂದ ಚೆಂಡನ್ನು ಕೋಲಿನಿಂದ ಹೊಡೆಯುತ್ತಾ ಹೊಡೆಯುತ್ತಾ ಆ ಗುಳಿಗೆ ಬೀಳಿಸಬೇಕು. ಕಡಿಮೆ ಹೊಡೆತದಲ್ಲಿ ಮುಗಿಸಿದವರು ಜಾಣರು. ಇಷ್ಟು ಹೊಡೆತದಲ್ಲಿ ಮುಗಿಯಬೇಕು ಎಂಬ ಒಂದು ಲೆಕ್ಕ ಇರುತ್ತದೆ, ಅದಕ್ಕೆ ‘ಪಾರ್’ ಎನ್ನುತ್ತಾರೆ. ದೊಡ್ಡ ಪಂದ್ಯ ಸಾಮಾನ್ಯವಾಗಿ ನಾಲ್ಕು ದಿನ. ಎರಡು ದಿನ ಆದ ಮೇಲೆ ಹಿಂದೆ ಬಿದ್ದವರನ್ನು ಮನೆಗೆ ಕಳಿಸಿಬಿಡುತ್ತಾರೆ. ಅದೇ ‘ಕಟ್’. ಈ ಎರಡು ಪದ ನೆನಪಿಟ್ಟುಕೊಂಡರೆ ಸಾಕು, ಮುಂದಿನ ಕಥೆ ಅರ್ಥವಾಗುತ್ತದೆ.

ಅಮ್ಮನ ಆಟ, ಮಗಳ ಕೈಗೆ

ಮಿಶೆಲ್ ಹುಟ್ಟಿದ್ದು 1989ರ ಅಕ್ಟೋಬರ್ 11ರಂದು, ಪೆಸಿಫಿಕ್ ಸಾಗರದ ನಡುವೆ ಇರುವ ಅಮೆರಿಕದ ಹವಾಯಿ ದ್ವೀಪಗಳಲ್ಲಿ, ಹೊನೊಲುಲು ನಗರದಲ್ಲಿ. ತಂದೆ-ತಾಯಿ ಇಬ್ಬರೂ ದಕ್ಷಿಣ ಕೊರಿಯಾದಿಂದ ಬಂದವರು. ತಂದೆ ಹವಾಯಿ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್. ತಾಯಿಯ ವಿಷಯ ಕೇಳಿ: ಆಕೆ 1985ರಲ್ಲಿ ಕೊರಿಯಾದ ಮಹಿಳಾ ಅಮೆಚೂರ್ ಗಾಲ್ಫ್ ಚಾಂಪಿಯನ್! ಅಂದರೆ ಮಗಳು ಹುಟ್ಟುವುದಕ್ಕೆ ನಾಲ್ಕು ವರ್ಷ ಮೊದಲು ತನ್ನ ದೇಶದಲ್ಲೇ ಮೊದಲಿಗಳು. ಮಗಳ ಬಗ್ಗೆ ಪುಟಗಟ್ಟಲೆ ಬರೆದವರು ಈ ತಾಯಿಯ ಬಗ್ಗೆ ಬರೆದದ್ದು ಒಂದು ಸಾಲು, ಹೆಚ್ಚೆಂದರೆ ಎರಡು. ಇರಲಿ, ಅದು ನಮಗೇನು ಹೊಸದಲ್ಲವಲ್ಲ!

ಒಬ್ಬಳೇ ಮಗಳು. ನಾಲ್ಕನೇ ವಯಸ್ಸಿಗೇ ಕೈಗೆ ಕೋಲು ಬಂತು. ಆಮೇಲಿನದು ನಂಬುವುದಕ್ಕೇ ಕಷ್ಟವಾಗುವಂಥದು. 2000ನೇ ಇಸವಿಯಲ್ಲಿ, ಹತ್ತು ವರ್ಷದ ಈ ಹುಡುಗಿ ಅಮೆರಿಕದ ದೊಡ್ಡ ಹೆಂಗಸರ ಅಮೆಚೂರ್ ಸ್ಪರ್ಧೆಗೆ ಅರ್ಹತೆ ಪಡೆದಳು. ಅಷ್ಟು ಚಿಕ್ಕ ವಯಸ್ಸಿನಲ್ಲಿ ಅದುವರೆಗೆ ಯಾರೂ ಪಡೆದಿರಲಿಲ್ಲ. ಹನ್ನೊಂದಕ್ಕೆ ಹವಾಯಿ ರಾಜ್ಯದ ಹೆಂಗಸರ ಚಾಂಪಿಯನ್. ಹನ್ನೆರಡಕ್ಕೆ, 2002ರಲ್ಲಿ, ವೃತ್ತಿಪರ ಮಹಿಳೆಯರ ಎಲ್.ಪಿ.ಜಿ.ಎ. ಪಂದ್ಯದ ಅಂಗಳದಲ್ಲಿ. ಹದಿಮೂರಕ್ಕೆ, 2003ರಲ್ಲಿ, ‘ಪಬ್ಲಿಕ್ ಲಿಂಕ್ಸ್’ ಎಂಬ ಹಿರಿಯರ ಸ್ಪರ್ಧೆಯನ್ನೇ ಗೆದ್ದಳು. ನಮ್ಮ ಮನೆಯ ಹದಿಮೂರರ ಮಕ್ಕಳು ಸ್ಕೂಲು ಚೀಲದಲ್ಲಿ ಊಟದ ಡಬ್ಬಿ ಮರೆತು ಬರುವ ವಯಸ್ಸು ಅದು.

ಎತ್ತರವೋ, ಆಗಲೇ ಆರು ಅಡಿ. ಚೆಂಡು ಹೊಡೆದರೆ ಗಂಡಸರೂ ತಿರುಗಿ ನೋಡಬೇಕು, ಅಷ್ಟು ದೂರ. ದಕ್ಷಿಣ ಆಫ್ರಿಕಾದ ಪ್ರಸಿದ್ಧ ಆಟಗಾರ ಎರ್ನಿ ಎಲ್ಸ್‌ಗೆ ‘ಬಿಗ್ ಈಜಿ’ ಎಂದು ಅಡ್ಡಹೆಸರು. ಈಕೆಯ ನಿರಾಯಾಸವಾದ ಹೊಡೆತ ಅವನದನ್ನೇ ಹೋಲುತ್ತಿತ್ತೆಂದು ಈಕೆಗೆ ‘ಬಿಗ್ ವೀಜಿ’ ಎಂದು ಹೆಸರು ಬಿತ್ತು.

2004ರ ಜನವರಿಯಲ್ಲಿ ಹೊನೊಲುಲುವಿನಲ್ಲೇ ನಡೆದ ಸೋನಿ ಓಪನ್ ಪಂದ್ಯ. ಇದು ಗಂಡಸರದು, ಅಮೆರಿಕದ ಪಿ.ಜಿ.ಎ. ಟೂರಿನದು. ಹದಿನಾಲ್ಕರ ಹುಡುಗಿಯನ್ನು ಅದಕ್ಕೆ ಆಹ್ವಾನಿಸಿದರು. ಮೊದಲ ದಿನ 72, ಎರಡನೆಯ ದಿನ 68. ಆ 68 ಗಂಡಸರ ಟೂರಿನಲ್ಲಿ ಅದುವರೆಗೆ ಯಾವ ಹೆಂಗಸೂ ಆಡದ ಆಟ. ಒಂದೇ ಹೊಡೆತದಲ್ಲಿ ಕಟ್ ತಪ್ಪಿತು. ಎಷ್ಟೋ ಮಂದಿ ಪಳಗಿದ ಗಂಡಸರು ಅವಳ ಹಿಂದೆ ಇದ್ದರು. ಅಷ್ಟೇ ಸಾಕಾಯಿತು ಪತ್ರಿಕೆಗಳಿಗೆ! ‘ಹೆಣ್ಣು ಟೈಗರ್ ವುಡ್ಸ್’ ಎಂದು ಬರೆದವು. ಮುಂದೊಂದು ದಿನ ಗಂಡಸರನ್ನೇ ಸೋಲಿಸುತ್ತಾಳೆ, ಹೆಂಗಸರ ದಾಖಲೆಗಳನ್ನೆಲ್ಲ ಅಳಿಸಿಹಾಕುತ್ತಾಳೆ ಎಂದು ಎಲ್ಲರೂ ಸೇರಿ ಭವಿಷ್ಯ ಬರೆದುಬಿಟ್ಟರು. ಎಲ್ಲರೂ ಸೇರಿ ಮಾತು ಕೊಟ್ಟರು, ತೀರಿಸುವ ಹೊಣೆ ಮಾತ್ರ ಆ ಹುಡುಗಿಯದು.

ಹದಿನಾರಕ್ಕೆ ಮೊದಲೇ ಕೋಟಿ

2005ರ ಅಕ್ಟೋಬರ್ 5ರಂದು, ಹದಿನಾರು ತುಂಬಲು ಆರು ದಿನ ಇರುವಾಗ, ಮಿಶೆಲ್ ವೃತ್ತಿಪರ ಆಟಗಾರ್ತಿಯಾದಳು. ನೈಕಿ, ಸೋನಿ ಕಂಪನಿಗಳ ಜೊತೆ ಕರಾರು. ಎರಡೂ ಸೇರಿ ವರ್ಷಕ್ಕೆ ಒಂದು ಕೋಟಿ ಡಾಲರು ಎಂದು ಆಗಿನ ಪತ್ರಿಕೆಗಳು ಬರೆದವು. ಒಂದೇ ಒಂದು ವೃತ್ತಿಪರ ಪಂದ್ಯವನ್ನೂ ಗೆದ್ದಿರದ ಹುಡುಗಿ! ಆ ದಿನವೇ ಅಮೆರಿಕದ ಚಂಡಮಾರುತ ಸಂತ್ರಸ್ತರಿಗೆಂದು ಐದು ಲಕ್ಷ ಡಾಲರು ಕೊಟ್ಟಳು. ಒಳ್ಳೆಯ ಮನಸ್ಸು, ನಿಜ. ಆದರೆ ಬೇರೆ ಆಟಗಾರ್ತಿಯರ ಹೊಟ್ಟೆಯಲ್ಲಿ ಸ್ವಲ್ಪ ಉರಿ ಬಿದ್ದಿದ್ದರೆ ಅದೂ ಸಹಜವೇ. ಅವರೆಲ್ಲ ವರ್ಷಗಟ್ಟಲೆ ಬೆವರು ಸುರಿಸಿ ದುಡಿದವರು.

ಮೊದಲ ಪಂದ್ಯ ಕ್ಯಾಲಿಫೋರ್ನಿಯಾದಲ್ಲಿ. ಚೆನ್ನಾಗಿಯೇ ಆಡಿ ನಾಲ್ಕನೆಯ ಸ್ಥಾನಕ್ಕೆ ಬಂದಳು. ಆಗ ಎದ್ದು ನಿಂತ ಒಬ್ಬ ಪತ್ರಕರ್ತ. ಹಿಂದಿನ ದಿನ ಈಕೆಯ ಚೆಂಡು ಪೊದೆಗೆ ಬಿದ್ದಿತ್ತು. ನಿಯಮದ ಪ್ರಕಾರ ಅದನ್ನು ತೆಗೆದು ಪಕ್ಕದಲ್ಲಿ ಬಿಡಬಹುದು, ಆದರೆ ಗುಳಿಗೆ ಹತ್ತಿರವಾಗಬಾರದು. ಈಕೆ ಹತ್ತಿರ ಬಿಟ್ಟಿದ್ದಾಳೆ ಎಂದು ಆತನ ದೂರು. ಅಧಿಕಾರಿಗಳು ಆ ಜಾಗಕ್ಕೆ ಕರೆದುಕೊಂಡು ಹೋಗಿ ದಾರ ಹಿಡಿದು ಅಳೆದರು. ಹೌದು, ಹತ್ತಿರವೇ. ಪಂದ್ಯದಿಂದಲೇ ಹೊರಗೆ! ಹದಿನಾರು ತುಂಬಿ ಒಂದು ವಾರವೂ ಆಗಿರಲಿಲ್ಲ, ಮಗು ಕ್ಯಾಮೆರಾಗಳ ಮುಂದೆ ಕಣ್ಣೀರು ಹಾಕಿತು.

2006ರಲ್ಲಿ ಹೆಂಗಸರ ಮೂರು ಮಹಾ ಪಂದ್ಯಗಳಲ್ಲಿ ಮೊದಲ ಐದರೊಳಗೆ ಬಂದಳು. ಬೇರೆ ಯಾರಾದರೂ ಆಗಿದ್ದರೆ ಮೆರವಣಿಗೆ ಮಾಡುತ್ತಿದ್ದರು. ‘ಟೈಮ್’ ಪತ್ರಿಕೆಯೇನೋ ಆ ವರ್ಷ ಜಗತ್ತಿನ ನೂರು ಪ್ರಭಾವಿಗಳ ಪಟ್ಟಿಯಲ್ಲಿ ಇವಳನ್ನು ಸೇರಿಸಿತು. ಆದರೆ ಕೇಳುವವರ ಪ್ರಶ್ನೆ ಒಂದೇ, “ಗೆಲ್ಲುವುದು ಯಾವಾಗ?” ಜೊತೆಗೆ ಗಂಡಸರ ಪಂದ್ಯಗಳ ಗೀಳು ಬೇರೆ. ಪಿ.ಜಿ.ಎ. ಟೂರಿನಲ್ಲಿ ಒಟ್ಟು ಎಂಟು ಸಲ ಆಡಿದಳು. ಒಂದು ಸಲವೂ ಕಟ್ ದಾಟಲಿಲ್ಲ. ಹೆಂಗಸರ ಜೊತೆ ಗೆಲ್ಲುವುದನ್ನು ಮೊದಲು ಕಲಿಯಲಿ ಎಂದು ಹಿರಿಯರು ಬುದ್ಧಿ ಹೇಳಿದರು. ಅಪ್ಪ-ಅಮ್ಮನ ದುರಾಸೆ ಎಂದು ಕೆಲವರು ನೇರವಾಗಿಯೇ ಆಡಿಕೊಂಡರು. ಚಿಕ್ಕಂದಿನಲ್ಲಿ ತಂದೆಯೇ ಚೀಲ ಹೊತ್ತು ಜೊತೆಗೆ ನಡೆದಿದ್ದರು. ಆಗ ಅದನ್ನು ವಾತ್ಸಲ್ಯ ಅಂದ ಜನವೇ ಈಗ ಹಿಡಿತ ಅಂದರು. ನನಗೆ ಅನಿಸುವುದು, ಗೆದ್ದಿದ್ದರೆ ಅದೇ ತಂದೆ-ತಾಯಿಯನ್ನು ಆದರ್ಶ ದಂಪತಿ ಎನ್ನುತ್ತಿದ್ದರು.

2007 ಬಂತು. ವರ್ಷದ ಆರಂಭದಲ್ಲೇ ಓಡುವಾಗ ಬಿದ್ದು ಎಡ ಮಣಿಕಟ್ಟು ಮುರಿಯಿತು. ಗಾಲ್ಫ್ ಆಡುವವರಿಗೆ ಮಣಿಕಟ್ಟು ಎಂದರೆ ಹಾಡುವವರಿಗೆ ಗಂಟಲು ಇದ್ದ ಹಾಗೆ. ಸರಿಯಾಗಿ ಕೂಡುವ ಮೊದಲೇ ಆಡಲು ಹೋಗಿ, ಒಂದು ಪಂದ್ಯದಲ್ಲಿ ಪಾರ್‌ಗಿಂತ ಹದಿನಾಲ್ಕು ಹೊಡೆತ ಹೆಚ್ಚಾಗಿ, ಇನ್ನೂ ಎರಡು ಗುಳಿ ಬಾಕಿ ಇರುವಾಗಲೇ ಹೊರನಡೆದಳು. ನೋವು ಎಂದಳು. ನೆಪ ಎಂದರು ಜನ. 2008ರಲ್ಲಿ ಇನ್ನೊಂದು ಆಘಾತ. ಮೂರು ದಿನ ಅದ್ಭುತವಾಗಿ ಆಡಿ, ಮುಂದಿದ್ದವಳಿಗಿಂತ ಒಂದೇ ಹೊಡೆತ ಹಿಂದೆ ಇದ್ದಳು. ಆದರೆ ಎರಡನೆಯ ದಿನದ ಅಂಕಪಟ್ಟಿಗೆ ಸಹಿ ಹಾಕದೆ ಆ ಜಾಗ ಬಿಟ್ಟು ಹೋಗಿದ್ದಳೆಂದು ಹೊರಗೆ ಹಾಕಿದರು. ಒಂದು ಸಹಿ! ನಮ್ಮಲ್ಲಿ ಅಂಚೆ ಕಚೇರಿಯ ಫಾರಂನಲ್ಲಿ ಸಹಿ ಮರೆತರೆ ಗುಮಾಸ್ತರು ಕರೆದು “ಇಲ್ಲೊಂದು ಸಹಿ ಹಾಕಮ್ಮ” ಅಂತಾರೆ.

ನಮ್ಮ ಬೀದಿಯ ಹುಡುಗಿ

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಈ ಕಥೆ ಓದುವಾಗ ನನಗೆ ನಮ್ಮ ಬೀದಿಯ ಕೊನೆಯ ಮನೆಯ ಹುಡುಗಿಯ ನೆನಪು ಬಂತು. ಆರನೇ ವಯಸ್ಸಿಗೆ ಗಣಪತಿ ಪೆಂಡಾಲಿನಲ್ಲಿ ಎದ್ದು ನಿಂತು ದೇವರನಾಮ ಹಾಡಿದ್ದಳು. ಜನ ಕಣ್ಣೊರೆಸಿಕೊಂಡಿದ್ದರು. “ದೊಡ್ಡ ಗಾಯಕಿ ಆಗ್ತಾಳೆ, ರೇಡಿಯೋದಲ್ಲಿ ಬರ್ತಾಳೆ” ಎಂದು ಊರಿಗೆ ಊರೇ ಹೇಳಿತು. ಈಗ ಆಕೆಗೆ ಇಪ್ಪತ್ತಾರು, ಲೆಕ್ಕಪತ್ರದ ಕೆಲಸದಲ್ಲಿದ್ದಾಳೆ. ಹೋದ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಅರಿಶಿನ ಕುಂಕುಮಕ್ಕೆ ಬಂದಿದ್ದಾಗ ನಾನೂ ಬಾಯಿ ಸುಮ್ಮನಿರದೆ ಅಂದೆ: “ಆಗ ಎಷ್ಟು ಚೆನ್ನಾಗಿ ಹಾಡ್ತಿದ್ದೆ ಕಣೇ!”

ಆಕೆ ನಕ್ಕಳು. “ಈಗ್ಲೂ ಹಾಡ್ತೀನಿ ಆಂಟಿ, ಮನೇಲಿ” ಅಂದಳು. ನಗುವೇನೋ ನಗುವೇ, ಆದರೆ ತಾಂಬೂಲ ತಗೊಂಡು ಕೂಡಲೇ ಹೊರಟುಬಿಟ್ಟಳು. ನನ್ನ ಮಾತು ಮೆಚ್ಚುಗೆಯೋ ಚುಚ್ಚೋ ಎಂದು ನನಗೇ ಆಮೇಲೆ ಗೊತ್ತಾಗಲಿಲ್ಲ. ಹದಿನೆಂಟರ ಹೊತ್ತಿಗೆ ಮಿಶೆಲ್‌ಗೆ ಈ ಒಂದೇ ಮಾತನ್ನು ಇಡೀ ಜಗತ್ತು ಹೇಳುತ್ತಿತ್ತು.

ಆಕೆ ಮಾಡಿದ ಕೆಲಸ ನೋಡಿ. 2007ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಸೇರಿದಳು. ವೃತ್ತಿಪರಳಾದ್ದರಿಂದ ಕಾಲೇಜಿನ ತಂಡದಲ್ಲಿ ಆಡುವಂತಿರಲಿಲ್ಲ. ಬರೀ ಓದಿಗಾಗಿಯೇ ಹೋದದ್ದು. ಕೋಟಿ ಕೋಟಿ ದುಡಿಯುವವಳಿಗೆ ಡಿಗ್ರಿ ಯಾಕೆ, ಆಟದ ಕಡೆ ಗಮನ ಹೋಗುತ್ತೆ ಎಂದು ಟೀಕೆ ಬಂತು. ಟೈಗರ್ ವುಡ್ಸ್ ಅದೇ ಸ್ಟ್ಯಾನ್‌ಫರ್ಡ್‌ನಲ್ಲಿ ಎರಡು ವರ್ಷ ಓದಿ ಬಿಟ್ಟು ಹೋದವನು. ಈಕೆ ಬಿಡಲಿಲ್ಲ. ವರ್ಷದ ಕೆಲವು ತಿಂಗಳು ಪಾಠ, ಉಳಿದ ತಿಂಗಳು ಪಂದ್ಯ. ಹೀಗೇ ಎಳೆದಾಡುತ್ತಾ 2012ರಲ್ಲಿ ಪದವಿ ಪಡೆದೇ ಹೊರಬಂದಳು. ಈ ಒಂದು ವಿಷಯದಲ್ಲಿ ನಾನು ಪೂರ್ತಿ ಆಕೆಯ ಪಕ್ಷ. ಹತ್ತನೆಯ ತರಗತಿಗೇ ಓದು ನಿಂತ ನನ್ನಂಥವಳಿಗೆ ಆ ಹಟದ ಬೆಲೆ ಗೊತ್ತು.

ಅದರ ನಡುವೆಯೇ 2008ರ ಡಿಸೆಂಬರ್‌ನಲ್ಲಿ ಎಲ್.ಪಿ.ಜಿ.ಎ.ಯ ಅರ್ಹತಾ ಪರೀಕ್ಷೆಗೆ ಕೂತಳು. ಇದುವರೆಗೆ ಆಹ್ವಾನದ ಮೇಲೆ ಆಡುತ್ತಿದ್ದವಳು ಈಗ ಎಲ್ಲರಂತೆ ಸಾಲಿನಲ್ಲಿ ನಿಂತು ಪಾಸಾದಳು. 2009ರ ನವೆಂಬರ್‌ನಲ್ಲಿ ಮೆಕ್ಸಿಕೋದ ಗ್ವಾದಲಹಾರದಲ್ಲಿ ಮೊದಲ ಗೆಲುವು. ಇಪ್ಪತ್ತನೇ ವಯಸ್ಸು. ಬೇರೆ ಹುಡುಗಿಯಾಗಿದ್ದರೆ ‘ಇಷ್ಟು ಚಿಕ್ಕವಳು’ ಎನ್ನುತ್ತಿದ್ದರು. ಇವಳಿಗೆ ಅಂದದ್ದು ‘ಅಂತೂ ಇಂತೂ!’ ಮರುವರ್ಷ ಕೆನಡಾದಲ್ಲಿ ಎರಡನೆಯದು. ಆಮೇಲೆ ಮತ್ತೆ ಬರಗಾಲ. ಮೂರು ವರ್ಷಕ್ಕೂ ಹೆಚ್ಚು ಕಾಲ ಒಂದೂ ಗೆಲುವಿಲ್ಲ.

ರಂಗೋಲಿ ಹಾಕುವ ಭಂಗಿ

ತೊಂದರೆ ಇದ್ದದ್ದು ದೂರದ ಹೊಡೆತದಲ್ಲಿ ಅಲ್ಲ. ಗುಳಿಯ ಹತ್ತಿರ ಬಂದ ಮೇಲೆ ಚೆಂಡನ್ನು ಮೆಲ್ಲಗೆ ಉರುಳಿಸಿ ಒಳಗೆ ಬೀಳಿಸಬೇಕಲ್ಲ, ‘ಪಟ್’ ಎನ್ನುತ್ತಾರೆ, ಅದರಲ್ಲಿ. ಅಡಿಗೆಯೆಲ್ಲ ಮುಗಿದು ಒಗ್ಗರಣೆ ಸೀದುಹೋದ ಹಾಗೆ! ಆರಡಿಯ ಎತ್ತರದಿಂದ ಚೆಂಡು ನೋಡುವುದು ಕಷ್ಟವೆನಿಸಿ ಆಕೆ ಒಂದು ವಿಚಿತ್ರ ಭಂಗಿ ಹಿಡಿದಳು. ಸೊಂಟದಿಂದ ನೇರವಾಗಿ ಬಗ್ಗಿ, ಬೆನ್ನನ್ನು ಮೇಜಿನ ಹಲಗೆಯಂತೆ ಚಪ್ಪಟೆ ಮಾಡಿ, ಮುಖವನ್ನು ಚೆಂಡಿನ ಮೇಲಕ್ಕೆ ತಂದು ಹೊಡೆಯುವುದು. ಬೆಳಿಗ್ಗೆ ಅಂಗಳದಲ್ಲಿ ರಂಗೋಲಿ ಎಳೆಯುವಾಗ ನಾವು ಬಗ್ಗುತ್ತೇವಲ್ಲ, ಹೆಚ್ಚು ಕಡಿಮೆ ಹಾಗೆ. ನೋಡಿದವರೆಲ್ಲ ನಕ್ಕರು. ಬೆನ್ನು ಹೋಗುತ್ತೆ ಎಂದರು, ಆಟವೇ ಮುಗಿಯಿತು ಎಂದರು. ಆಕೆ ಬದಲಾಯಿಸಲಿಲ್ಲ.

2014ರ ಏಪ್ರಿಲ್‌ನಲ್ಲಿ ಹುಟ್ಟೂರು ಹವಾಯಿಯಲ್ಲಿ ಮೂರನೆಯ ಗೆಲುವು. ಜೂನ್‌ನಲ್ಲಿ ಉತ್ತರ ಕೆರೊಲಿನಾದ ಪೈನ್‌ಹರ್ಸ್ಟ್ ಎಂಬಲ್ಲಿ ಯು.ಎಸ್. ವಿಮೆನ್ಸ್ ಓಪನ್, ಮಹಿಳಾ ಗಾಲ್ಫಿನ ಮಹಾ ಪಂದ್ಯಗಳಲ್ಲಿ ಒಂದು. ಹಿಂದಿನ ವಾರವಷ್ಟೇ ಅದೇ ಬಯಲಿನಲ್ಲಿ ಗಂಡಸರ ಓಪನ್ ನಡೆದಿತ್ತು. ಕೊನೆಯ ದಿನ, ಕೊನೆಗೆ ಮೂರು ಗುಳಿ ಬಾಕಿ. ಮಿಶೆಲ್ ಮುಂದಿದ್ದಾಳೆ. ಹದಿನಾರನೆಯ ಗುಳಿಯಲ್ಲಿ ಮರಳಿನ ಹೊಂಡದಿಂದ ಹೊಡೆದ ಚೆಂಡು ಹೋಗಿ ಒರಟು ಹುಲ್ಲಿನ ಪೊದೆಯಲ್ಲಿ ಸೇರಿಕೊಂಡಿತು. ಹುಡುಕಿದರು, ಸಿಕ್ಕಿತು, ಹೊಡೆಯುವ ಹಾಗಿಲ್ಲ. ದಂಡ ತೆತ್ತು ಹೊರಗೆ ಬಿಡಬೇಕಾಯಿತು. ಮತ್ತೆ ಪೊದೆ! ಒಂಬತ್ತು ವರ್ಷದ ಹಿಂದಿನ ಕ್ಯಾಲಿಫೋರ್ನಿಯಾದ ಪೊದೆ ಆಕೆಗೆ ನೆನಪಾಯಿತೋ ಇಲ್ಲವೋ, ನನಗಂತೂ ಓದುವಾಗ ಎದೆ ಡವಡವ ಎಂದಿತು. ಎರಡು ಹೊಡೆತ ನಷ್ಟವಾಗಿ ಅಂತರ ಒಂದಕ್ಕೆ ಇಳಿಯಿತು.

ಹದಿನೇಳನೆಯ ಗುಳಿ. ದೂರದ ಪಟ್. ಬಗ್ಗಿದಳು, ಅದೇ ನಗೆಪಾಟಲಿನ ಭಂಗಿ. ಚೆಂಡು ಉರುಳಿ ಉರುಳಿ ಗುಳಿಯೊಳಗೆ ಬಿತ್ತು. ಎರಡು ಹೊಡೆತಗಳ ಅಂತರದಲ್ಲಿ ಗೆಲುವು. ಆ ಪಂದ್ಯದಲ್ಲಿ ನಾಲ್ಕು ದಿನದ ಲೆಕ್ಕ ಪಾರ್‌ಗಿಂತ ಕಡಿಮೆ ಬಂದದ್ದು ಆಕೆಯೊಬ್ಬಳದೇ. ಇಪ್ಪತ್ತನಾಲ್ಕರ ವಯಸ್ಸು.

ಆ ಭಂಗಿಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. 2021ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಮಾಜಿ ಮೇಯರ್ ರೂಡಿ ಜೂಲಿಯಾನಿ ಒಂದು ಕಾರ್ಯಕ್ರಮದಲ್ಲಿ ಈಕೆಯ ಜೊತೆ ಹಿಂದೆ ಆಡಿದ್ದನ್ನು ನೆನೆದು, ಬಗ್ಗಿದಾಗ ಕಂಡ ಒಳಉಡುಪಿನ ಬಗ್ಗೆ ಅಸಭ್ಯವಾಗಿ ನಗೆಯಾಡಿದರು. ಮಿಶೆಲ್ ಸುಮ್ಮನಿರಲಿಲ್ಲ. ಆ ದಿನ ನಾನು 64 ಹೊಡೆದು, ಆಡಿದ ಗಂಡಸರನ್ನೆಲ್ಲ ಸೋಲಿಸಿದ್ದೆ, ನೆನಪಿಡಬೇಕಾದದ್ದು ಅದು. ಆ ಭಂಗಿ ಇದ್ದದ್ದು ಆಟ ಸುಧಾರಿಸಲು, ಲಂಗದೊಳಗೆ ಇಣುಕುವವರಿಗೆ ಆಹ್ವಾನವಲ್ಲ ಎಂಬ ಅರ್ಥದಲ್ಲಿ ಬಹಿರಂಗವಾಗಿಯೇ ಉತ್ತರ ಕೊಟ್ಟಳು. ಭೇಷ್ ಅನ್ನಿಸಿತು. ಅಂಗಳ ಗುಡಿಸುವಾಗ, ನಲ್ಲಿಯ ಹತ್ತಿರ ಕೊಡ ಎತ್ತುವಾಗ ಸೆರಗು ಸರಿಮಾಡಿಕೊಳ್ಳುತ್ತಲೇ ಕೆಲಸ ಮಾಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

2014ರ ಗೆಲುವಿನ ನಂತರ ಎಲ್ಲ ಸುಸೂತ್ರವಾಯಿತೇ? ಇಲ್ಲ. ಕೈಬೆರಳು, ಸೊಂಟದ ಕೀಲು, ಪಾದದ ಗಿಣ್ಣು, ಒಂದಾದ ಮೇಲೊಂದು ನೋವು. 2017ರಲ್ಲಿ ಕೆನಡಾದ ಪಂದ್ಯದ ಕೊನೆಯ ದಿನ ಆಟ ಬಿಟ್ಟು ಅಪೆಂಡಿಕ್ಸ್ ಆಪರೇಷನ್ನಿಗೆ ಹೋಗಬೇಕಾಯಿತು. 2018ರ ಮಾರ್ಚ್‌ನಲ್ಲಿ ಸಿಂಗಪುರದಲ್ಲಿ ಕೊನೆಯ ಗುಳಿಯಲ್ಲಿ ಬಲು ದೂರದಿಂದ ಪಟ್ ಬೀಳಿಸಿ ಐದನೆಯ ಪ್ರಶಸ್ತಿ ಗೆದ್ದಳು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೈಗೆ ಶಸ್ತ್ರಚಿಕಿತ್ಸೆ. 2019ರ ಜೂನ್‌ನಲ್ಲಿ ಒಂದು ಮಹಾ ಪಂದ್ಯದಲ್ಲಿ ಹೊಡೆತ ಹೊಡೆತಕ್ಕೂ ಕೈಗೆ ಐಸ್ ಇಟ್ಟುಕೊಂಡು ಆಡಿದಳು. 84, ಮರುದಿನ 82. ಇನ್ನೆಷ್ಟು ಉಳಿದಿದೆಯೋ ನನ್ನಲ್ಲಿ ಎಂದು ಕಣ್ಣೀರಿಟ್ಟಳು.

ಲೆಕ್ಕ ಹಾಕುವವರು ಹಾಕುತ್ತಾರೆ. ಸ್ವೀಡನ್ನಿನ ಆನಿಕಾ ಸೊರೆನ್‌ಸ್ಟಾಮ್ ಗೆದ್ದದ್ದು ಎಪ್ಪತ್ತೆರಡು ಎಲ್.ಪಿ.ಜಿ.ಎ. ಪಂದ್ಯಗಳನ್ನು, ಮಿಶೆಲ್ ಐದು. ಹತ್ತನೇ ವಯಸ್ಸಿಗೆ ಬರೆದಿಟ್ಟ ಭವಿಷ್ಯಕ್ಕೆ ಹೋಲಿಸಿದರೆ ಐದು ಕಡಿಮೆಯೇ. ಆದರೆ ಒಂದೂ ಗೆಲ್ಲದೆ ಬಾಳೆಲ್ಲ ಆಡಿದವರು ಎಷ್ಟೋ ಮಂದಿ. ಅಮೆರಿಕದ ಓಪನ್ನನ್ನು ಒಂದು ಸಲ ಗೆದ್ದರೂ ಸಾಕು ಎಂದು ಹಂಬಲಿಸಿದವರು ಅದಕ್ಕಿಂತ ಹೆಚ್ಚು. ಆ ಬಾಲ್ಯದ ಹೊಗಳಿಕೆ ಇಲ್ಲದಿದ್ದರೆ ಇದೇ ಬದುಕನ್ನು ನಾವು ದೊಡ್ಡ ಸಾಧನೆ ಎನ್ನುತ್ತಿದ್ದೆವೋ ಏನೋ.

2019ರ ಆಗಸ್ಟ್‌ನಲ್ಲಿ ಮದುವೆ. ಬ್ಯಾಸ್ಕೆಟ್‌ಬಾಲ್‌ನ ದಂತಕಥೆ ಜೆರ್ರಿ ವೆಸ್ಟ್ ಅವರ ಮಗ ಜಾನಿ ವರ. 2020ರ ಜೂನ್‌ನಲ್ಲಿ ಹೆಣ್ಣುಮಗು. ಇನ್ನು ಸಾಕು ಎಂದುಕೊಂಡಿದ್ದವಳಿಗೆ ಹುಟ್ಟುವುದು ಹೆಣ್ಣು ಎಂದು ತಿಳಿದಾಗ, ಅಮ್ಮ ಆಡುವುದನ್ನು ಅದು ನೋಡಲಿ ಎನಿಸಿತಂತೆ. 2021ರಲ್ಲಿ ಮತ್ತೆ ಅಂಗಳಕ್ಕಿಳಿದಳು. 1985ರಲ್ಲಿ ಕೊರಿಯಾದಲ್ಲಿ ಗೆದ್ದ ತನ್ನ ಅಮ್ಮನ ಆಟವನ್ನು ಈ ಮಗಳು ನೋಡಿರಲಿಲ್ಲ. ಆಗ ಆಕೆ ಹುಟ್ಟಿಯೇ ಇರಲಿಲ್ಲವಲ್ಲ.

ಟೂರಿನ ಓಡಾಟದಿಂದ ಹಿಂದೆ ಸರಿಯುವುದಾಗಿ 2022ರಲ್ಲಿ ಹೇಳಿದಳು. ವಿದಾಯಕ್ಕೆ ಆರಿಸಿಕೊಂಡದ್ದು 2023ರ ಜುಲೈನ ಯು.ಎಸ್. ವಿಮೆನ್ಸ್ ಓಪನ್. ಕ್ಯಾಲಿಫೋರ್ನಿಯಾದ ಕಡಲಂಚಿನ ಪೆಬಲ್ ಬೀಚ್‌ನಲ್ಲಿ ಹೆಂಗಸರ ಓಪನ್ ನಡೆದದ್ದು ಅದೇ ಮೊದಲು. ಜೊತೆಯಲ್ಲಿ ಆಡಿದವರಲ್ಲಿ ಒಬ್ಬರು ಅದೇ ಆನಿಕಾ. ಚೀಲ ಹೊತ್ತು ನಡೆದವರು ಗಂಡ. ಮೊದಲ ದಿನ 79. ಎರಡನೆಯ ದಿನವೂ ಆಟ ಕೂಡಿಬರಲಿಲ್ಲ, ಕಟ್ ದಾಟುವುದಿಲ್ಲ ಎಂಬುದು ಮಧ್ಯಾಹ್ನಕ್ಕೇ ಎಲ್ಲರಿಗೂ ಗೊತ್ತಾಗಿತ್ತು. ಆದರೂ ಹದಿನೆಂಟನೆಯ ಗುಳಿಯ ಸುತ್ತ ಜನ ಎದ್ದು ಹೋಗದೆ ನಿಂತಿದ್ದರು. ಗುಳಿಯಿಂದ ಬಲು ದೂರದಲ್ಲಿ ಚೆಂಡು. ಮಿಶೆಲ್ ಪಟ್ ಹೊಡೆದಳು. ಅಷ್ಟು ದೂರದಿಂದ ಉರುಳಿ ಬಂದ ಚೆಂಡು ಗುಳಿಯೊಳಗೆ ಬಿತ್ತು, ಜನ ಕೂಗಿಕೊಂಡರು, ಆಕೆ ಗಂಡನನ್ನು ಅಪ್ಪಿಕೊಂಡಳು. ಲೆಕ್ಕದಲ್ಲಿ ಅದು ಬರೀ ಒಂದು ಪಾರ್. ಆ ದಿನದ ಮೊತ್ತ ಮತ್ತೆ 79.